ಸೋದರಮಾವನಿಲ್ಲದ ಮದುವೆ

ಬೆಳಗಾವಿಯ ಆಟೋ ನಗರದಲ್ಲಿ ಲಾರಿಗಳ ರೇಡಿಯೇಟರ್ ರಿಪೇರಿ ಮಾಡುತ್ತಿದ್ದ ಉಳವಪ್ಪ ಮದುವೆಯಾಗಿರಲಿಲ್ಲ. ಖಾನಾಪುರದ ಆಚೆ ನಂದಗಡದಲ್ಲಿದ್ದ ತಂಗಿ ಕಾಂತಾ, ಅವಳ ಮಗಳು ಮೇಘಾ, ಇಷ್ಟೇ ಅವನ ಬಳಗ. ಮೇಘಾಳ ತಂದೆ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನೂ ಅವನೇ.

ಅವಳ ಮದುವೆ ಗೊತ್ತಾದ ಹೊತ್ತಿಗೇ ಅವನ ಒಸಡಿನಿಂದ ರಕ್ತ ಬರತೊಡಗಿತು. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಪರೀಕ್ಷೆಯಲ್ಲಿ ರಕ್ತದ ಕ್ಯಾನ್ಸರ್ ಎಂದು ತಿಳಿಯಿತು. ಸುದ್ದಿ ನಂದಗಡ ಮುಟ್ಟಿತು, ಅಲ್ಲಿಂದ ಬೀಗರ ಮನೆಗೂ. ಇದು ವಂಶದಲ್ಲಿ ಬರುವ ರೋಗವೇ ಎಂದು ಬೀಗರು ಕೇಳಿದರು. ಕಾಂತಾ ಅಣ್ಣನಿಗೆ ಫೋನ್ ಮಾಡುವುದನ್ನೇ ಕಡಿಮೆ ಮಾಡಿದಳು.

ತಾನು ಉಳಿಯುತ್ತೇನೆಯೇ ಎಂದು ಕೇಳುವ ಮೊದಲು ಉಳವಪ್ಪ ಡಾಕ್ಟರ್ ಅನುಜಾ ಅವರನ್ನು ಕೇಳಿದ್ದು ಅದನ್ನೇ.

“ನಮ್ಮ ತಂಗಿ ಮಗಳಿಗೂ ಇದು ಬರತೈತೇನ್ರಿ?”

“ಇಲ್ರಿ. ಇದು ನಿಮ್ಮ ಹುಟ್ಟಿನಿಂದ ಬಂದದ್ದಲ್ಲ. ರಕ್ತ ತಯಾರಾಗೋ ಜಾಗಾದಾಗ, ಆಮ್ಯಾಲೆ ಆದ ಬದಲಾವಣಿ.”

ಅವರು ಬಿಡಿಸಿ ಹೇಳಿದರು. ಉಂಡದ್ದನ್ನು ಶಕ್ತಿಯಾಗಿಸಲು ಜೀವಕೋಶಗಳಲ್ಲಿ ಕಿಣ್ವಗಳಿರುತ್ತವೆ. ಅವನ ಅಸ್ಥಿಮಜ್ಜೆಯಲ್ಲಿ ಅಂಥದೊಂದು ಕಿಣ್ವದ ವಂಶವಾಹಿ ಕೆಟ್ಟು, ಆ ಕಿಣ್ವ ಬೇರೆಯೇ ವಸ್ತುವನ್ನು ತಯಾರಿಸುತ್ತಿತ್ತು. ಅದು ತುಂಬಿಕೊಂಡಲ್ಲಿ ಎಳೆಯ ರಕ್ತಕಣಗಳು ಬಲಿಯುವುದಿಲ್ಲ, ಎಳೆಯವಾಗಿಯೇ ಹೆಚ್ಚುತ್ತ ಹೋಗುತ್ತವೆ. ಆ ಕಿಣ್ವವನ್ನೇ ತಡೆಯುವ ಮಾತ್ರೆ ಇದೆ. ಗುಣ ಕಾಣಲು ತಿಂಗಳುಗಳು ಬೇಕು. ಅಲ್ಲಿಯವರೆಗೆ ಸೋಂಕು ತಗಲದಂತೆ ಜನರಿಂದ ದೂರವಿರಬೇಕು. ಅವನು ಕೇಳಿಕೊಂಡದ್ದಕ್ಕೆ ಬೀಗರಿಗೂ ಅವರೇ ಫೋನಿನಲ್ಲಿ ವಿವರಿಸಿದರು. ಸಂಬಂಧ ಮುರಿಯಲಿಲ್ಲ.

ಮದುವೆಯನ್ನು ಅವನು ಸದಾಶಿವನಗರದ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಕೂತು ಮೊಬೈಲಿನ ವಿಡಿಯೊ ಕರೆಯಲ್ಲಿ ನೋಡಿದ. ಸೋದರಮಾವ ನಿಲ್ಲಬೇಕಾದಲ್ಲಿ ದೂರದ ಸಂಬಂಧಿ ಬಾಳೇಶ ನಿಂತು ಮೇಘಾಳನ್ನು ಮಂಟಪಕ್ಕೆ ಕರೆತಂದ. ಅಕ್ಷತೆ ಬೀಳುವಾಗ ಉಳವಪ್ಪ ಎದ್ದು ನಿಂತ. ಅಷ್ಟರಲ್ಲಿ ಕರೆ ಕಡಿಯಿತು. ಮತ್ತೆ ಯಾರೂ ಫೋನ್ ಹಚ್ಚಲಿಲ್ಲ.

ಮಾತ್ರೆ ಹಿಡಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ರಕ್ತಕಣಗಳು ಬಲಿಯತೊಡಗಿವೆ ಎಂದರು ಅನುಜಾ. ಆದರೆ ಮಾತ್ರೆ ಬಿಡುವಂತಿಲ್ಲ, ರೋಗ ಮರಳಲೂಬಹುದು. ಅವರ ಒಪ್ಪಿಗೆ ಪಡೆದು ಅವನು ನಂದಗಡಕ್ಕೆ ಹೋದ. ಕಾಂತಾ ಅವನನ್ನು ಕಂಡು ಅತ್ತಳು, ಶೇಂಗಾ ಹೋಳಿಗೆ ಮಾಡಿದಳು. ಬಡಿಸುವಾಗ ಮಾತ್ರ ಬೇರೆ ತಾಟು ಇಟ್ಟಳು. ಅವನು ಉಂಡ ಮೇಲೆ ಅದನ್ನು ಹಿತ್ತಲಿಗೆ ಒಯ್ದು ತೊಳೆದಳು.

“ಇದು ಅಂಟೂ ರೋಗ ಅಲ್ಲವ್ವಾ, ತಂಗಿ,” ಎಂದ.

“ಗೊತ್ತೈತಿ ಅಣ್ಣಾ. ಆದ್ರೂ ಜೀವ ಅಂಜತೈತಿ.”

ಉಳಿದುಕೋ ಎಂದು ಅವಳು ಹೇಳಲಿಲ್ಲ. ಸಂಜೆಯ ಬಸ್ಸಿಗೆ ಅವನು ಬೆಳಗಾವಿಗೆ ಹೊರಟ.