ಆರನೆಯ ಸಾಲಿನಲ್ಲಿ ನನ್ನ ಸಹಿ

ಕೊಚ್ಚಿಯ ಲಸಿಕೆ ಕೇಂದ್ರವೊಂದು ನನ್ನ ಹೆಸರಿನಲ್ಲಿ ಯಾರಿಗೋ ಹಳದಿ ಜ್ವರದ ಸೂಜಿ ಚುಚ್ಚಿದೆ. ಚುಚ್ಚಿಸಿಕೊಂಡವರು ಯಾರೆಂದು ಕೇಳಿದರೆ ಅಲ್ಲಿನ ಅಧಿಕಾರಿಗಳು ಎರಡು ತಿಂಗಳಿಂದ ಒಂದೇ ಉತ್ತರ ಕೊಡುತ್ತಿದ್ದಾರೆ: ನೀವೇ. ಈ ಉತ್ತರವನ್ನು ನಾನು ಒಪ್ಪುವುದಿಲ್ಲ. ಅದನ್ನು ಪೂರ್ತಿ ಅಲ್ಲಗಳೆಯಲೂ ನನ್ನಿಂದ ಆಗುತ್ತಿಲ್ಲವೆಂಬುದನ್ನು ಓದುಗರಿಂದ ಮುಚ್ಚಿಡುವುದಿಲ್ಲ.

ವಿಚಿತ್ರ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದಿದವಳು ನಾನು; ಹಾಸ್ಟೆಲ್ಲಿನಲ್ಲಿ ಯಾರಾದರೂ ದೆವ್ವದ ಕಥೆ ತೆಗೆದರೆ ಸಾಕ್ಷಿ ಎಲ್ಲಿ ಎಂದು ಕೇಳಿ ಅವರ ಸಂತೋಷ ಹಾಳು ಮಾಡುತ್ತಿದ್ದೆ. ಈಗ ನನ್ನ ವಿಷಯದಲ್ಲಿ ಸಾಕ್ಷಿ ಇದೆ, ಸರ್ಕಾರಿ ಮೊಹರಿನ ಸಮೇತ.

ಮೈಸೂರಿನವಳಾದ ನಾನು ಮತ್ತು ಧಾರವಾಡದ ಶಾಹೀನ್ ತಿರುವನಂತಪುರದ ಕಳಕ್ಕೂಟಂನಲ್ಲಿ ಒಂದೇ ಫ್ಲ್ಯಾಟಿನಲ್ಲಿದ್ದೇವೆ, ಒಂದೇ ಕಚೇರಿಗೆ ಹೋಗುತ್ತೇವೆ. ಓಣಂ ರಜೆಯಲ್ಲಿ ಆಫ್ರಿಕಾದ ಭೂಪಟವನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಾಗ, ಉತ್ತರ ಕೆನ್ಯಾದ ಮರುಭೂಮಿಯಲ್ಲಿ ಉದ್ದನೆಯ ಗೀಟಿನಂತಿದ್ದ ತುರ್ಕಾನಾ ಸರೋವರದ ಮೇಲೆ ಅವಳು ಬಾಳೆಕಾಯಿ ಚಿಪ್ಸೊಂದನ್ನು ಇಟ್ಟಳು.

"ಇಲ್ಲಿಗೇ ಹೋಗೂಣು. ಇಲ್ಲೆ ಯಾರೂ ಮೀಟಿಂಗಿಗೆ ಕರಿಯಂಗಿಲ್ಲ."

ಅಲ್ಲಿಯವರೆಗೆ ಆ ಸರೋವರದ ಹೆಸರನ್ನೇ ನಾನು ಕೇಳಿರಲಿಲ್ಲ; ಅದರ ನೀರು ಹಸಿರೆಂದು ತಿಳಿದದ್ದೂ ಅಂದೇ. ಅರ್ಜಿ ಹಾಕಿದ್ದ ಹೊಸ ಪಾಸ್‌ಪೋರ್ಟ್ ನನ್ನ ಕೈಗೆ ಬಂದದ್ದು ಅದಾಗಿ ಒಂದು ವಾರಕ್ಕೆ.

ಶಾಹೀನ್ ಹಿಂದೊಮ್ಮೆ ಕೆಲಸದ ಮೇಲೆ ನೈರೋಬಿಗೆ ಹೋಗಿದ್ದರಿಂದ ಅವಳ ಬಳಿ ಕೆನ್ಯಾ ಪ್ರಯಾಣಕ್ಕೆ ಬೇಕಾದ ಹಳದಿ ಜ್ವರದ ಲಸಿಕೆಯ ಕಾರ್ಡ್ ಇತ್ತು. ನನಗೆ ಬೇಕಾಗಿತ್ತು. ತಿರುವನಂತಪುರದಲ್ಲಿ ದಿನ ಸಿಗದೆ ಕೊಚ್ಚಿಗೆ ಹೊರಟೆ; ಮಧ್ಯಾಹ್ನ ಫೋರ್ಟ್ ಕೊಚ್ಚಿಯಲ್ಲಿ ಮೀನೂಟ ಎಂಬ ಷರತ್ತಿನ ಮೇಲೆ ಅವಳೂ ರೈಲು ಹತ್ತಿದಳು.

ಅಲ್ಲಿ ಆ ಲಸಿಕೆಯ ಒಂದು ಶೀಶೆ ಹತ್ತು ಜನರಿಗೆ ಆಗುತ್ತದೆ. ತೆರೆದ ಮೇಲೆ ಬಹಳ ಹೊತ್ತು ಇಡುವಂತಿಲ್ಲವಾದ್ದರಿಂದ ಹತ್ತು ಜನ ಸೇರದೆ ತೆರೆಯುವುದಿಲ್ಲ. ಒಂದು ಶೀಶೆಗೆ ರಿಜಿಸ್ಟರಿನಲ್ಲಿ ಒಂದು ಪುಟ, ಹತ್ತು ಸಾಲು, ಹತ್ತು ಸಹಿ. ಅಂದು ಒಂಬತ್ತು ಜನ ಹಡಗಿನ ನೌಕರರು ಬೆಳಿಗ್ಗೆಯಿಂದ ಕಾದಿದ್ದರು. ನಾನು ಒಳಗೆ ಕಾಲಿಟ್ಟಾಗ ಚಪ್ಪಾಳೆ ತಟ್ಟಿದರು.

ರಿಜಿಸ್ಟರಿನ ಮುಂದಿದ್ದ ಗುಮಾಸ್ತರು ಕಾಸರಗೋಡಿನ ರೈಯವರು. ಅವರ ಹೆಸರೂ ಊರೂ ನನಗೆ ತಿಳಿದದ್ದು ಆಮೇಲೆ. ನಾನು ಬಾಯಿ ತೆರೆಯುವ ಮೊದಲೇ ಅವರು ಕನ್ನಡದಲ್ಲಿ ಕೇಳಿದರು: "ಎಂಥ ಮಾರಾಯ್ರೆ, ಪುನಃ ಬಂದ್ರಾ? ಆ ಹಸಿರು ನೀರಿನ ಕೆರೆ ನೋಡಿ ಆಯ್ತಾ?"

ನಾನು ಇಲ್ಲಿಗೆ ಬರುತ್ತಿರುವುದು ಇದೇ ಮೊದಲು ಎಂದೆ. ಅವರು ನಕ್ಕು ಪುಟ ತಿರುಗಿಸಿದರು. ಓಣಂಗೆ ಮೊದಲಿನ ಬುಧವಾರದ ಪುಟ. ಆರನೆಯ ಸಾಲಿನಲ್ಲಿ ನನ್ನ ಹೆಸರು, ಹುಟ್ಟಿದ ದಿನ, ಇನ್ನೂ ಅಚ್ಚಾಗಿರದ ನನ್ನ ಪಾಸ್‌ಪೋರ್ಟಿನ ಸಂಖ್ಯೆ. ಕೊನೆಯಲ್ಲಿ ಕನ್ನಡದಲ್ಲಿ ನನ್ನ ಸಹಿ, ಅವಸರದಲ್ಲಿ ನಾನು ಎಳೆಯುವ ಓರೆಗೆರೆಯೊಂದಿಗೆ. ಆಮೇಲೆ ತುರುಕಿದ್ದು ಎನ್ನುವಂತಿರಲಿಲ್ಲ. ಮೇಲೆ ಐದು ಹೆಸರು, ಕೆಳಗೆ ನಾಲ್ಕು, ಪುಟ ಭರ್ತಿ.

"ಗಾಳಿ ಜೋರುಂಟು, ಡೇರೆಗೆ ಕಲ್ಲು ಕಟ್ಟಬೇಕು ಅಂತ ನೀವೇ ಹೇಳಿದ್ದಲ್ವಾ?" ಎಂದರು ರೈಯವರು. ಅವರ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನಾವು ಗೊತ್ತು ಮಾಡಿಕೊಂಡ ಕೆನ್ಯಾದ ಮಾರ್ಗದರ್ಶಿ ಇದೇ ಮಾತನ್ನು ನಮಗೆ ಬರೆದು ತಿಳಿಸಿದ್ದು ಅಂದಿನಿಂದ ಮೂರು ವಾರಗಳ ನಂತರ.

ವೈದ್ಯಾಧಿಕಾರಿಗಳು ಬಂದರು. ಒಮ್ಮೆ ಹಾಕಿದರೆ ಜೀವಮಾನಕ್ಕೆ ಸಾಕು, ಮತ್ತೆ ಹಾಕುವಂತಿಲ್ಲ. ಕಾರ್ಡ್ ಕಳೆದಿದೆಯೆಂದು ಬರೆದುಕೊಟ್ಟರೆ ಹತ್ತು ನಿಮಿಷದಲ್ಲಿ ನಕಲು ಕೊಡುತ್ತೇವೆ ಎಂದರು. ಮೈಯಲ್ಲಿಲ್ಲದ ಲಸಿಕೆಗೆ ಕೈಯಲ್ಲೊಂದು ಕಾರ್ಡ್! ನಾನು ಬರೆದುಕೊಡಲಿಲ್ಲ. ವಾದ ಬೆಳೆಯುತ್ತಿದ್ದಂತೆ ಹಡಗಿನ ಅಡುಗೆಯವರೊಬ್ಬರು ಮಲಯಾಳಂನಲ್ಲಿ ಗೋಗರೆದರು: "ಚೇಚೀ, ಅಕ್ಕಾ, ಆ ಇನ್ನೊಬ್ಬರನ್ನಾದ್ರೂ ಕರೀರಿ. ನಮಗೆ ಹತ್ತು ತಲೆ ಆದ್ರೆ ಸಾಕು." ಇಡೀ ಕೋಣೆ ನಕ್ಕಿತು, ನಾನೂ ನಕ್ಕೆ. ಕೊನೆಗೆ ಹತ್ತಿರದ ಏಲೂರಿನಿಂದ ಬಂದ ಎಂಜಿನಿಯರ್ ಒಬ್ಬರು ಹತ್ತನೆಯವರಾದರು. ಶೀಶೆ ತೆರೆಯಿತು, ನಾನು ಹೊರಗುಳಿದೆ.

ಊಟಕ್ಕೆ ಕೂತಾಗ ಶಾಹೀನ್ ಕರಿಮೀನಿನ ಮುಳ್ಳು ಬಿಡಿಸುತ್ತ, "ಛಲೋ ಆತು ಬಿಡಲೇ. ಒಬ್ಬಾಕಿನ್ನ ಆಫೀಸಿಗೆ ಕಳಸು, ಇನ್ನೊಬ್ಬಾಕಿ ನನ್ನ ಜೋಡಿ ಬರ್ಲಿ," ಎಂದಳು. ಆದರೆ ಮನೆಗೆ ಬಂದ ಮೇಲೆ ಕಚೇರಿಯ ಹಾಜರಿಯನ್ನು ಮೊದಲು ತೆರೆದು ನೋಡಿದವಳು ಅವಳೇ. ಆ ಬುಧವಾರ ನನ್ನ ಬೆರಳಚ್ಚು ಕಳಕ್ಕೂಟಂನಲ್ಲಿದೆ, ಬೆಳಿಗ್ಗೆಯೂ ಸಂಜೆಯೂ.

ಬೇರೆ ಕೇಂದ್ರಗಳ ಕಂಪ್ಯೂಟರಿನಲ್ಲೂ ನನ್ನ ಹೆಸರಿನ ಮುಂದೆ ಲಸಿಕೆ ಹಾಕಲಾಗಿದೆ ಎಂದೇ ಬರುತ್ತದೆ. ಯೋಚಿಸಿದಷ್ಟೂ ನನಗೆ ದಾರಿ ಕಾಣುವುದಿಲ್ಲ. ಹೀಗಾಗಿ ಆ ಕೇಂದ್ರದ ಮುಖ್ಯಾಧಿಕಾರಿಗಳಲ್ಲಿ ಈ ಮೂಲಕ ವಿನಂತಿಸುತ್ತೇನೆ. ಪಾಸ್‌ಪೋರ್ಟ್ ಹುಟ್ಟುವ ಮೊದಲೇ ಅದರ ಸಂಖ್ಯೆ ನಿಮ್ಮ ಪುಟಕ್ಕೆ ಹೇಗೆ ಬಂತೆಂದು ಲಿಖಿತವಾಗಿ ತಿಳಿಸಿ. ಆ ನಮೂದನ್ನು ರದ್ದುಪಡಿಸಿ ನನಗೆ ಲಸಿಕೆ ಹಾಕಿ. ಪ್ರಯಾಣಕ್ಕೆ ಕನಿಷ್ಠ ಹತ್ತು ದಿನ ಮೊದಲು ಅದು ಆಗಬೇಕು, ನಮಗೆ ಉಳಿದಿರುವುದು ಮೂರು ವಾರ. ಅಂದು ಬಂದಾಕೆ ಕಾರ್ಡ್ ತೆಗೆದುಕೊಂಡು ಎಲ್ಲಿಗೆ ಹೊರಟಳೆಂದು ರೈಯವರನ್ನು ವಿಚಾರಿಸಿ ಅದನ್ನೂ ತಿಳಿಸಿ. ಅವಳು ನಮಗಿಂತ ಮೊದಲೇ ಸರೋವರ ಸೇರಿದ್ದರೆ, ಹೊರಡುವ ಮುನ್ನ ನಮಗದು ಗೊತ್ತಿರಬೇಕು.