ಎರಡು ಮಡಿ, ಒಂದು ಹೂಂ

ಪಾರ್ಸೆಲ್ ಕಚೇರಿಯ ಮೂರನೇ ಕೌಂಟರಿನಲ್ಲಿ ಮೂವತ್ತೊಂದು ವರ್ಷ ಕೂತಿದ್ದ ಆ ಮನುಷ್ಯನಿಗೆ ಜನ ಇಟ್ಟ ಹೆಸರು 'ಆಗಲ್ಲ ಸಾಹೇಬರು'. ಕಟ್ಟಿದ ದಾರ ಸಡಿಲವಾಗಿದ್ದರೆ ಆಗಲ್ಲ, ವಿಳಾಸದ ಮಸಿ ಹರಡಿದ್ದರೆ ಆಗಲ್ಲ, ಗಡಿಯಾರದ ಮುಳ್ಳು ಐದರಿಂದ ಕೂದಲೆಳೆಯಷ್ಟು ಆಚೆ ಸರಿದಿದ್ದರೂ ಆಗಲ್ಲ. ಯಾಕೆ ಎಂದು ಕೇಳಿದವರಿಗೆ ಕಡ್ಡಿ ಮುರಿದಂತೆ ಒಂದೇ ಉತ್ತರ: "ಆಗಲ್ಲ ಅಂದ್ರೆ ಆಗಲ್ಲ." ಕೆಟ್ಟವರೇನಲ್ಲ. ಕಾರಣ ಹೇಳುತ್ತಾ ಕೂತರೆ ಸಾಲು ಬೆಳೆಯುತ್ತದೆ ಎಂದು ನಂಬಿದವರು, ಅಷ್ಟೇ. ಆ ನಂಬಿಕೆಯನ್ನು ಮನೆಗೂ ತಂದದ್ದು ಅವರ ತಪ್ಪು.

ನಿವೃತ್ತಿಯ ದಿನ ಪಕ್ಕದ ಕೌಂಟರಿನವರು ದೂರದೇಶದ ಎರಡು ಬಗೆಯ ಬೀಜಗಳನ್ನು ಪೊಟ್ಟಣ ಕಟ್ಟಿ ಕೊಟ್ಟಿದ್ದರು. ಒಂದು ಟೊಮ್ಯಾಟಿಲ್ಲೊ, ಟೊಮ್ಯಾಟೊವಿನ ದೂರದ ನೆಂಟ. ಕಾಗದದಂಥ ತೆಳು ಸಿಪ್ಪೆಯೊಳಗೆ ಅಂಟಂಟಾದ ಹಸಿರು ಹುಳಿ ಕಾಯಿ, ಎರಡೂವರೆ ತಿಂಗಳಲ್ಲಿ ಕೈಗೆ ಬರುತ್ತದೆ. ಇನ್ನೊಂದು ಹಿಕಾಮಾ, ಅವರೆಯಂಥ ಬಳ್ಳಿ. ಮಣ್ಣಿನಡಿಯ ಅದರ ಗೆಡ್ಡೆಯನ್ನು ಸಿಪ್ಪೆ ತೆಗೆದು ಹಸಿಯಾಗಿ ಕಚ್ಚಿದರೆ ಕರುಮ್ ಎನ್ನುತ್ತದೆ, ಬಾಯಿ ತುಂಬ ಸಿಹಿನೀರು. ಆದರೆ ಎಂಟೊಂಬತ್ತು ತಿಂಗಳು ಕಾಯಬೇಕು. ಸಾಹೇಬರು ಹಿತ್ತಲಿನಲ್ಲಿ ಪಕ್ಕಪಕ್ಕ ಎರಡು ಮಡಿ ಮಾಡಿದರು. ಯಾವುದು ಮೇಲು, ನೋಡಿಯೇ ಬಿಡೋಣ ಎಂದರು.

ಮನೆಯಲ್ಲೇ ಪರದೆ ಹೊಲಿದು ಕೊಡುವ ಹೆಂಡತಿ ತಕ್ಷಣ ಟೊಮ್ಯಾಟಿಲ್ಲೊ ಪಕ್ಷ ವಹಿಸಿದಳು. "ಕಣ್ಣಿಗೆ ಕಾಣೋದೇ ವಾಸಿ ಕಣ್ರೀ. ಮಣ್ಣೊಳಗೆ ಏನಿದೆ ಅಂತ ಯಾರು ಕಂಡಿದ್ದಾರೆ?"

"ನೋಡ್ತಿರು. ಇಷ್ಟು ದಪ್ಪ ಗೆಡ್ಡೆ ತಂದು ನಿನ್ನ ಹೊಲಿಗೆ ಮಿಷನ್ ಮೇಲಿಡ್ತೀನಿ."

"ಸರಿ, ನಾನೂ ಒಂದ್ ಚೊಂಬು ನೀರು ಹಾಕ್ಲಾ?"

"ಆಗಲ್ಲ."

"ಯಾಕ್ರೀ?"

"ಆಗಲ್ಲ ಅಂದ್ರೆ ಆಗಲ್ಲ ಕಣೇ."

ಟೊಮ್ಯಾಟಿಲ್ಲೊ ಒಂಟಿಯಾಗಿದ್ದರೆ ಕಾಯಿ ಕಚ್ಚುವುದಿಲ್ಲ, ಹತ್ತಿರದಲ್ಲಿ ಇನ್ನೊಂದು ಗಿಡ ಬೇಕೇ ಬೇಕು. ಹಿಕಾಮಾ ಹೂಬಿಟ್ಟರೆ ಹೂ ಚಿವುಟಬೇಕು, ಆಗ ಗೆಡ್ಡೆ ಇನ್ನಷ್ಟು ದಪ್ಪವಾಗುತ್ತದೆ. ಚಿವುಟದೆ ಬಿಟ್ಟರೆ ಹುರುಳಿಕಾಯಿಯಂಥ ಕಾಯಿ ಬರುತ್ತದೆ, ಬೀಜ ಬಲಿತ ಆ ಕಾಯಿ ವಿಷ. ಇಷ್ಟೂ ಸಾಹೇಬರ ತಲೆಯಲ್ಲಿತ್ತು. ಕಾಗದದ ಮೇಲಿರಲಿಲ್ಲ, ಹೆಂಡತಿಯ ಕಿವಿಗಂತೂ ಬಿದ್ದಿರಲಿಲ್ಲ.

ಎರಡನೇ ತಿಂಗಳು, ಮಡಿಗೆ ಕೋಲು ನೆಡುತ್ತಿದ್ದಾಗಲೇ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಓದುಬರಹದ ಅಕ್ಷರಗಳು ತಲೆಯಿಂದ ಅಳಿಸಿಹೋದವು. ಕಿವಿ ಕೇಳುತ್ತಿತ್ತು, ಬುದ್ಧಿ ನೆಟ್ಟಗಿತ್ತು, ಆದರೆ ಬಾಯಲ್ಲಿ ಉಳಿದದ್ದು ಒಂದೇ ಮಾತು. ಅದೂ ಎಂಥದು! ಜೀವಮಾನವೆಲ್ಲ ಆಗಲ್ಲ ಎಂದವರ ಬಾಯಿಂದ ಈಗ ಏನು ಕೇಳಿದರೂ ಬರುತ್ತಿದ್ದದ್ದು "ಹೂಂ". ತಲೆ ಅಡ್ಡಡ್ಡ ಆಡಿಸಲು ಹೋದರೆ ಕತ್ತು ಅವರ ಮಾತು ಕೇಳದೆ ಕೆಳಕ್ಕೇ ವಾಲುತ್ತಿತ್ತು. ಎಡಗೈ ಎತ್ತಿದರೆ ನೀರು ಬೇಕೇನೋ ಎಂದು ಅವಳು ಲೋಟ ತರುತ್ತಿದ್ದಳು.

ಪಾಪ, ಅವಳು ಏನನ್ನೂ ಕೇಳದೆ ಮಾಡಿದವಳಲ್ಲ.

"ವ್ಯಾಯಾಮ ಮಾಡಿಸೋರು ಬಂದಾಗೆಲ್ಲ ನರಳ್ತೀರಲ್ಲ. ನೋವಾಗುತ್ತಾ?"

"ಹೂಂ."

"ಬರೋದು ಬೇಡ ಅಂತ ಹೇಳಿಬಿಡ್ಲಾ?"

"ಹೂಂ."

ಹೀಗೆ ಅವರು ಬರುವುದು ನಿಂತಿತು. ಸಾಹೇಬರ ತಮ್ಮ ಬಂದು ಹಾಸಿಗೆಯ ಪಕ್ಕ ಕೂತು ಅತ್ತು ಹೋದ ಮೇಲೆ, "ನಿಮಗೆ ಸಂಕಟ ಆಗುತ್ತೆ ಅಂತ ಅವರಿಗೂ ಹೇಳ್ಲಾ?" ಎಂದಳು. ಹೂಂ. ತಮ್ಮನೂ ಬರಲಿಲ್ಲ. ತಾವೇ ಎತ್ತಿ ಆಡಿಸಿದ ತಮ್ಮ. ಸಾಹೇಬರು ಹಲ್ಲು ಕಚ್ಚಿ ಗೋಡೆ ನೋಡಿದರು.

ಹಿತ್ತಲಿಗೂ ಅದೇ ಗತಿ. "ಈ ಟೊಮ್ಯಾಟಿಲ್ಲೊ ಗಿಡ ಎರಡೂ ಒತ್ತೊತ್ತಾಗಿದೆ. ಒಂದು ಕಿತ್ತು ಹಾಕ್ಲಾ?" ಎಂದು ಕಿಟಕಿಯಾಚೆಯಿಂದ ಕೂಗಿದಳು. ಬೇಡ ಎಂದು ಸಾಹೇಬರ ಮೈಯೆಲ್ಲ ಕಿರುಚಿತು. ಬಾಯಿ ಹೂಂ ಎಂದಿತು. ಉಳಿದ ಒಂಟಿ ಗಿಡ ಮೈತುಂಬ ಹಳದಿ ಹೂ ಬಿಟ್ಟು, ಎಲ್ಲವನ್ನೂ ಉದುರಿಸಿತು. ಅವಳು ಮತ್ತಷ್ಟು ಗೊಬ್ಬರ ಹಾಕಿದಳು. ಅದು ಮತ್ತಷ್ಟು ಹೂಬಿಟ್ಟಿತು. "ಏನು ಪಾಪ ಮಾಡಿದ್ನೋ, ಒಂದು ಕಾಯೂ ಇಲ್ಲ," ಎಂದು ಅವಳು ಕಣ್ಣೊರೆಸಿಕೊಂಡಾಗ, ಪಾಪ ನಿನ್ನದಲ್ಲ ಎಂದು ಹೇಳಲು ಅವರ ಬಳಿ ಮಾತಿರಲಿಲ್ಲ.

ಎಂಟನೇ ತಿಂಗಳು ಒಂದು ಬೆಳಗ್ಗೆ ಅವಳು ನಗುತ್ತಾ ಒಳಗೆ ಬಂದಳು. ಎಷ್ಟೋ ದಿನಗಳ ಮೇಲೆ ಕಂಡ ನಗು. ತಟ್ಟೆಯ ತುಂಬ ಹಿಕಾಮಾ ಕಾಯಿ, ಒಳಗಿನ ಬೀಜ ಹೊರಗಿನಿಂದಲೇ ಎಣಿಸುವಷ್ಟು ಬಲಿತಿದ್ದವು.

"ಕೊನೆಗೂ ನಿಮ್ಮ ಬಳ್ಳೀನೇ ಗೆದ್ದಿತು ಕಣ್ರೀ. ಸೋತೆ ನಾನು."

ಅವಳು ಪಕ್ಕದಲ್ಲೇ ಕೂತು ನಾರು ತೆಗೆದು ಹೆಚ್ಚತೊಡಗಿದಳು. ಸಾಹೇಬರು ಎಡಗೈ ಬೀಸಿ ತಟ್ಟೆ ಕೆಡವಿದರು.

"ಅಯ್ಯೋ, ಅಷ್ಟೊಂದು ಆತುರಾನಾ? ಬೇಯ್ಲಿ ತಾಳಿ." ಒಂದೊಂದನ್ನೂ ಆರಿಸಿ, ತೊಳೆದು, "ಒಲೆ ಮೇಲಿಡ್ಲಾ?" ಎಂದಳು.

ತಡೆಯುವಷ್ಟರಲ್ಲಿ ಬಾಯಿಂದ ಹೂಂ ಜಾರಿತ್ತು. ಒಳಗೆ ನೀರು ಕುದಿಯುವ ಸದ್ದು ಕೇಳುತ್ತಾ ಸಾಹೇಬರು ಬೆವರಿದರು. ಎದ್ದು ಓಡಲು ಕಾಲಿಲ್ಲ, ಕೂಗಲು ಗಂಟಲಿಲ್ಲ. ಇಷ್ಟು ವರ್ಷ ಒಂದು ಸಲವಾದರೂ ಯಾಕೆ ಎಂಬುದಕ್ಕೆ ಉತ್ತರ ಕೊಟ್ಟಿದ್ದರೆ!

ಅವಳು ಬಟ್ಟಲು ತಂದಳು. ಚಮಚ ತುಟಿಗೆ ಬಂದಾಗ ಸಾಹೇಬರು ಬಾಯಿ ಬಿಗಿಹಿಡಿದರು.

"ಬಿಸಿ ಇಲ್ಲಾರೀ. ಬೇಕಾದ್ರೆ ಮೊದ್ಲು ನಾನೇ ತಿಂತೀನಿ, ನೋಡಿ." ಚಮಚ ಅವಳ ಬಾಯಿಯ ಹತ್ತಿರ ಹೋಯಿತು. ಅಭ್ಯಾಸಬಲದಿಂದ ಕೇಳಿದಳು: "ತಿನ್ಲಾ?"

ಹೂಂ ಗಂಟಲವರೆಗೆ ಬಂತು. ಸಾಹೇಬರು ತುಟಿ ಕಚ್ಚಿದರು, ರಕ್ತ ಬರುವಷ್ಟು ಕಚ್ಚಿದರು. ಮುಖ ಕೆಂಪಾಯಿತು, ಕಣ್ಣಿಂದ ನೀರಿಳಿಯಿತು.

ಚಮಚ ನಿಂತಿತು. ಆರು ತಿಂಗಳಲ್ಲಿ ಅವಳ ಪ್ರಶ್ನೆಯೊಂದು ಉತ್ತರವಿಲ್ಲದೆ ಹೋದದ್ದು ಇದೇ ಮೊದಲು.

"ತಿನ್ಲಾ ಅಂದೆ?"

ಸಾಹೇಬರು ಕಚ್ಚಿದ ತುಟಿ ಬಿಡಲಿಲ್ಲ.

"ತಿನ್... ತಿನ್ಬಾರ್ದಾ?"

"ಹೂಂ!" ಬಾಯಿ ತೆರೆದುಕೊಂಡಿತು. "ಹೂಂ, ಹೂಂ, ಹೂಂ!"

"ವಿಷಾನಾ?"

"ಹೂಂ."

ಅವಳು ಬಟ್ಟಲನ್ನು ನೆಲಕ್ಕಿಟ್ಟು ಅಲ್ಲೇ ಕುಸಿದು ಕೂತಳು. ಜೀವ ಉಳಿದ ಸಮಾಧಾನ ಅರೆಗಳಿಗೆಯೂ ನಿಲ್ಲಲಿಲ್ಲ. ಅವಳ ಮುಖದಲ್ಲಿ ಬೇರೆ ಲೆಕ್ಕ ಶುರುವಾದದ್ದು ಸಾಹೇಬರಿಗೆ ಕಾಣುತ್ತಿತ್ತು.

"ಹಾಗಾದ್ರೆ ಆ ಟೊಮ್ಯಾಟೊ ಗಿಡ... ಕೀಳೋದು ಬೇಡ ಅಂತಿದ್ರಾ?"

"ಹೂಂ."

"ನಿಮ್ಮ ತಮ್ಮ ಬರ್ಲಿ ಅಂತಿತ್ತಾ?"

"ಹೂಂ."

"ವ್ಯಾಯಾಮ?" ಅಷ್ಟೇ ಕೇಳಿ, ಉತ್ತರ ಕೇಳಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು. ಆಮೇಲೆ ಅವರ ಮುಖ ನೋಡದೆ, "ನನ್ ಮೇಲೆ ಕೋಪ ಇದೆಯಾ?" ಎಂದಳು.

ಇಲ್ಲ. ಒಂದಿಷ್ಟೂ ಇಲ್ಲ. ಸಾಹೇಬರು ಮತ್ತೆ ತುಟಿ ಬಿಗಿಯಲು ನೋಡಿದರು. ಆದರೆ ಆ ದಿನದ ಶಕ್ತಿಯೆಲ್ಲ ಒಂದು ಚಮಚ ತಡೆಯುವುದರಲ್ಲೇ ಮುಗಿದಿತ್ತು.

"ಹೂಂ," ಎಂದಿತು ಬಾಯಿ.

ಅವಳು ತಲೆಯಾಡಿಸಿದಳು. "ಇರ್ಬೇಕಾದ್ದೇ," ಎಂದು ಬಟ್ಟಲೆತ್ತಿಕೊಂಡು ಹಿತ್ತಲಿಗೆ ಹೋದಳು. ಕಾಯಿಯನ್ನೆಲ್ಲ ಗುಂಡಿಗೆ ಸುರಿದಳು. ಆಮೇಲೆ ಬಳ್ಳಿಯ ಬುಡಕ್ಕೆ ಎರಡೂ ಕೈ ಹಾಕಿ ಎಳೆದಳು. ಬಳ್ಳಿಯ ಜೊತೆ ಮಣ್ಣು ಸೀಳಿಕೊಂಡು ದುಂಡನೆಯ ಗೆಡ್ಡೆ ಹೊರಬಂತು, ಮಗುವಿನ ತಲೆಯಷ್ಟು ದಪ್ಪ, ಹೊಲಿಗೆ ಮಿಷನ್ ಮೇಲಿಡುತ್ತೇನೆ ಎಂದಿದ್ದ ಗೆಡ್ಡೆ. ಅವಳು ಅದನ್ನೂ ಗುಂಡಿಗೆ ಎಸೆದು ಮಣ್ಣು ಮುಚ್ಚಿದಳು.

ಕಿಟಕಿಯಿಂದ ಎಲ್ಲವನ್ನೂ ನೋಡಿದ ಸಾಹೇಬರು ಗೆಡ್ಡೆಗಾಗಿ ಮರುಗಲಿಲ್ಲ. ಕೈಕಾಲು ತೊಳೆದು ಅವಳು ಒಳಗೆ ಬರುತ್ತಾಳೆ. ಕೋಪ ಇಲ್ವಾ ಎಂದು ಒಂದು ಸಲ ತಿರುಗಿಸಿ ಕೇಳಿದರೆ ಸಾಕು. ಅವರು ಹೂಂ ಅನ್ನನ್ನು ಬಾಯಲ್ಲಿ ಸಿದ್ಧವಾಗಿಟ್ಟುಕೊಂಡು ಬಾಗಿಲನ್ನೇ ನೋಡುತ್ತಾ ಕೂತರು. ಅವಳು ಬಂದಳು, ನೀರಿನ ಲೋಟವನ್ನು ಅವರ ಎಡಗೈಗೆ ಕೊಟ್ಟಳು, ಏನನ್ನೂ ಕೇಳಲಿಲ್ಲ.