ಬೀದಿ ಕಾಣದ ಆರು ಜೊತೆ ಬೂಟು

ಎಣ್ಣೆ ಬಾಣಲೆಗೆ ಬೆಂಕಿ ಹತ್ತಬಹುದಿತ್ತು. ರುಬ್ಬುವ ಯಂತ್ರದ ಬೆಲ್ಟು ಯಾರದಾದರೂ ಪಂಚೆಯನ್ನು ಎಳೆದುಕೊಳ್ಳಬಹುದಿತ್ತು. ಸಾಂಬಾರಿನ ಹಂಡೆ ಮಗುಚಬಹುದಿತ್ತು. ಕರೆಂಟು ಹೋಗಬಹುದಿತ್ತು, ಹೋಗಿ, ಪರೀಕ್ಷಕರು ಒದ್ದೆ ನೆಲದ ಮೇಲೆ ಕಾಲಿಟ್ಟ ಕ್ಷಣಕ್ಕೆ ಸರಿಯಾಗಿ ಮರಳಿ ಬರಬಹುದಿತ್ತು. ಬೆಂಕಿ ಆರಿಸಲು ಇಟ್ಟ ಮರಳಿನ ಬಕೆಟ್ಟಿನಲ್ಲಿ ಬೀಡಿ ತುಂಡುಗಳಿರಬಹುದಿತ್ತು. ಅಕ್ಕಿ ಮೂಟೆಯ ಹಿಂದಿನಿಂದ ಇಲಿ ಹಾಯಬಹುದಿತ್ತು. ಅಡುಗೆಮನೆಯ ಯಜಮಾನಿಕೆ ನಡೆಸುವ ಭಟ್ಟರು ಸಿಟ್ಟುಗೊಂಡು ಊರಿನ ಬಸ್ಸು ಹತ್ತಿಬಿಡಬಹುದಿತ್ತು. ಹೋಟೆಲಿನ ಧಣಿಯಾದ ನನ್ನ ಭಾವ, ಅಂದರೆ ಹೆಂಡತಿಯ ಅಣ್ಣ, ಪರೀಕ್ಷಕರ ಮುಂದೆ ಒಂದು ತಟ್ಟೆ ಮೈಸೂರು ಪಾಕು ತಂದಿಟ್ಟು ಅದು ಲಂಚದ ಹಾಗೆ ಕಾಣಬಹುದಿತ್ತು. ಪರೀಕ್ಷಕರಿಗೆ ಸಕ್ಕರೆ ಕಾಯಿಲೆ ಇದ್ದು ಅದು ಕೊಲೆಯತ್ನದ ಹಾಗೆ ಕಾಣಬಹುದಿತ್ತು.

ಇಷ್ಟನ್ನೂ ನಾನು ಪರೀಕ್ಷೆಯ ಹಿಂದಿನ ದಿನ ಮಧ್ಯಾಹ್ನವೇ ಕೂತು ಬರೆದಿಟ್ಟಿದ್ದೆ. ಎರಡು ಹಾಳೆ, ಎರಡೂ ಮಗ್ಗುಲು.

ಎಂಬತ್ತರ ದಶಕದ ನಡುವಿನ ಮಾತು ಇದು. ನಾನು ಮದ್ರಾಸಿನಲ್ಲೇ ಹುಟ್ಟಿ ಬೆಳೆದ ರೈಲ್ವೆ ಗುಮಾಸ್ತರ ಮಗ. ಎಣ್ಣೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಸೂಪರ್‌ವೈಸರ್ ಆಗಿದ್ದೆ. ನಲವತ್ತು ದಾಟಿದ ಮೇಲೆ ಕಾರ್ಖಾನೆಯವರು ನನ್ನನ್ನು ಒಂದು ವರ್ಷದ ಮಟ್ಟಿಗೆ ವಿಶ್ವವಿದ್ಯಾಲಯಕ್ಕೆ ಕಳಿಸಿದರು, ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಮೇಲೆ ಡಿಪ್ಲೊಮಾ ಮಾಡಿಕೊಂಡು ಬಾ ಎಂದು. ಪಾಸಾದರೆ ಸೇಫ್ಟಿ ಆಫೀಸರ್, ಹಗಲು ಕೆಲಸ. ಫೇಲಾದರೆ ಮತ್ತೆ ಅದೇ ಮೂರು ಶಿಫ್ಟು. ಹದಿನೆಂಟು ವರ್ಷ ಮೂರು ಶಿಫ್ಟು ದುಡಿದವನಿಗೆ ಹಗಲು ಕೆಲಸವೆಂದರೆ ಏನು ಎಂದು ದುಡಿದವರಿಗೇ ಗೊತ್ತು. ಎಲ್ಲರ ಜೊತೆ ಕೂತು ಬೆಳಗಿನ ಕಾಫಿ ಕುಡಿಯುವುದು ನನ್ನ ಮಟ್ಟಿಗೆ ಆಗ ಬಡ್ತಿಗಿಂತ ದೊಡ್ಡ ಆಸೆ.

ಮೊದಲ ದಿನ ಮೇಷ್ಟ್ರು, ‘ಈ ಕೋಣೆಯಲ್ಲಿ ಯಾವುದರಿಂದೆಲ್ಲ ಅಪಾಯವಾಗಬಹುದು, ಬರೆಯಿರಿ’ ಎಂದರು. ನನ್ನ ಅರ್ಧ ವಯಸ್ಸಿನ ಸಹಪಾಠಿಗಳು ಐದೋ ಆರೋ ಬರೆದು ಪೆನ್ನು ಮುಚ್ಚಿದರು. ನಾನು ಮೂವತ್ತೇಳು ಬರೆದೆ. ಅದರಲ್ಲಿ ಹನ್ನೊಂದನೆಯದು ಮೇಷ್ಟ್ರ ತಲೆಯ ಮೇಲಿನ ಫ್ಯಾನಿನ ನಟ್ಟು. ಅವರು ನನ್ನ ಹಾಳೆ ಓದಿದರು, ಒಮ್ಮೆ ಮೇಲೆ ನೋಡಿದರು, ಕುರ್ಚಿಯನ್ನು ಎರಡಡಿ ಸರಿಸಿಕೊಂಡು ಕೂತರು.

ಜೀವಮಾನದಲ್ಲಿ ಮೊದಲ ಸಲ ನನ್ನ ಹೆದರಿಕೆಗೆ ಒಂದು ಪಠ್ಯಪುಸ್ತಕ ಸಿಕ್ಕಿತ್ತು. ಮನೆಗೆ ಬಂದು ಹೇಳಿದರೆ ಹೆಂಡತಿ, ‘ಇದಕ್ಕೂ ಮಾರ್ಕು ಕೊಡ್ತಾರಾ? ಮೊದಲೇ ಗೊತ್ತಿದ್ರೆ ನಿಮ್ಮನ್ನು ಡಾಕ್ಟರೇಟಿಗೇ ಸೇರಿಸ್ತಿದ್ದೆ’ ಎಂದಳು. ಹತ್ತನೇ ಕ್ಲಾಸಿನ ಮಗಳೂ ನಾನೂ ಒಂದೇ ಮೇಜಿನ ಎರಡು ಬದಿಗೆ ಕೂತು ಓದುತ್ತಿದ್ದೆವು. ನಾನು ನಿಟ್ಟುಸಿರು ಬಿಟ್ಟಾಗಲೆಲ್ಲ ಅವಳು ಪುಸ್ತಕದಿಂದ ತಲೆ ಎತ್ತದೆ, ‘ಭಯಪ್ಪಡಾದೀಂಗಪ್ಪಾ’ ಎನ್ನುತ್ತಿದ್ದಳು. ನಾನು ಕನ್ನಡದಲ್ಲಿ ಹೆದರುವುದು, ಅವಳು ತಮಿಳಿನಲ್ಲಿ ಧೈರ್ಯ ಹೇಳುವುದು, ನಮ್ಮ ಮನೆಯ ಪದ್ಧತಿ.

ವರ್ಷದ ಕೊನೆಗೆ ಒಂದು ಪ್ರಾಜೆಕ್ಟು. ಸ್ವಂತ ಕಾರ್ಖಾನೆ ಬಿಟ್ಟು ಬೇರೆ ಕೆಲಸದ ಜಾಗವೊಂದನ್ನು ಆರಿಸಿ, ಅಲ್ಲಿ ಏಟು ಗಾಯ ಕಡಿಮೆಯಾಗುವ ಹಾಗೆ ಮಾಡಿ ತೋರಿಸಬೇಕು; ಹೊರಗಿನ ಪರೀಕ್ಷಕರು ಬಂದು ಕಣ್ಣಾರೆ ನೋಡುತ್ತಾರೆ. ಹುಡುಗರೆಲ್ಲ ದೊಡ್ಡ ದೊಡ್ಡ ಕಾರ್ಖಾನೆ ಹಿಡಿದರು. ನನಗೆ ಧೈರ್ಯವಾಗಿ ಕೇಳಬಹುದಾಗಿದ್ದ ಬಾಗಿಲು ಒಂದೇ, ಟಿ. ನಗರದಲ್ಲಿದ್ದ ಭಾವನ ಹೋಟೆಲು.

‘ಮಾಡಿ ಭಾವ, ಮಾಡಿ. ದೋಸೆ ಮಾತ್ರ ನಿಲ್ಲಿಸಬೇಡಿ’ ಎಂದ ಅವನು.

ನಾನು ಮೊದಲು ಮಾಡಿದ ಕೆಲಸ ಅಡುಗೆಮನೆಯ ಗೋಡೆಗೆ ಒಂದು ಪುಸ್ತಕ ನೇತುಹಾಕಿದ್ದು. ಯಾರಿಗೆ ಎಷ್ಟು ಸಣ್ಣ ಗಾಯವಾದರೂ ಸರಿ, ಮುಚ್ಚಿಡದೆ ಆಗಲೇ ಅದರಲ್ಲಿ ಬರೆಯಬೇಕು: ಯಾರಿಗೆ, ಎಲ್ಲಿ, ಯಾಕೆ, ಇನ್ನು ಆಗದಿರಲು ಏನು ಮಾಡಬೇಕು. ಅಡುಗೆಮನೆಯ ಆರು ಜನರಲ್ಲಿ ಚೆನ್ನಾಗಿ ಬರೆಯಬಲ್ಲವರು ಭಟ್ಟರೊಬ್ಬರೇ. ದುಂಡಗಿನ ಅಕ್ಷರ. ತಿಂಗಳು ಕಳೆಯುವಷ್ಟರಲ್ಲಿ ಮೂರು ಪುಟ ತುಂಬಿತು. ಓದಿ ನೋಡಿದರೆ ಹೆಚ್ಚುಕಡಿಮೆ ಎಲ್ಲವೂ ಕಾಲು. ಎಣ್ಣೆ ಸಿಡಿದದ್ದು ಕಾಲಿಗೆ, ಗಂಜಿ ಬಿದ್ದದ್ದು ಕಾಲಿಗೆ, ತೆಂಗಿನ ಚಿಪ್ಪು ಚುಚ್ಚಿದ್ದು ಕಾಲಿಗೆ. ಯಾಕೆಂದರೆ ಅಷ್ಟು ಜನರೂ ಬರಿಗಾಲಿನವರು.

‘ಬೂಟು ಹಾಕಬೇಕು’ ಎಂದೆ.

ಭಟ್ಟರು ಸಟ್ಟುಗ ಕೆಳಗಿಟ್ಟರು. ‘ಒಲೆ ಅಂದ್ರೆ ಅಗ್ನಿ ಮಾರಾಯ್ರೆ. ದಿನಾ ಬೆಳಿಗ್ಗೆ ಕೈ ಮುಗಿದು ಹಚ್ಚುವುದು. ಅದರ ಎದುರು ಚಪ್ಪಲಿ ಮೆಟ್ಟಿಕೊಂಡು ನಿಲ್ಲುವುದಾ? ನಿಮ್ಮ ಯೂನಿವರ್ಸಿಟಿಯಲ್ಲಿ ಇದನ್ನೆಲ್ಲ ಕಲಿಸುವುದಾ?’

‘ಭಟ್ರೇ, ನಿಮ್ಮ ಕಾಲು ನೋಡಿಕೊಳ್ಳಿ.’

‘ನಲವತ್ತು ವರ್ಷದಿಂದ ನೋಡ್ತಾ ಇದ್ದೇನೆ. ನನ್ನದೇ ಕಾಲು.’

ಎರಡು ವಾರ ಮಾತು ಮುಂದೆ ಹೋಗಲಿಲ್ಲ. ನಾನು ದಿನಾ ಹೋಗುವುದು, ಒಂದು ಕಾಫಿ ಕುಡಿಯುವುದು, ಮಾತಾಡದೆ ಬರುವುದು. ಮೂರು ಶಿಫ್ಟು ಕನಸಿನಲ್ಲಿ ಬರತೊಡಗಿತು. ಕೊನೆಗೆ ಒಂದು ದಿನ ಭಟ್ಟರೇ ಕರೆದು ಕೇಳಿದರು: ‘ಚರ್ಮದ್ದಲ್ಲವಾ?’

‘ಅಲ್ಲ. ಬಟ್ಟೆ ಮತ್ತು ರಬ್ಬರು.’

‘ಬೀದಿ ತುಳಿಯಬಾರದು.’

‘ತುಳಿಯುವುದಿಲ್ಲ.’

‘ಯಾರ ಕಾಲಿಗೂ ಹಾಕಿ ನೋಡಿರಬಾರದು.’

ಹಾಗೆ ಆರು ಜನರ ಪಾದವನ್ನು ಹಾಳೆಯ ಮೇಲೆ ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ಆ ಹಾಳೆ ಹಿಡಿದುಕೊಂಡು ಅಂಗಡಿಗೆ ಹೋದೆ. ಆರು ಜೊತೆ ದಪ್ಪ ಕ್ಯಾನ್‌ವಾಸ್ ಬೂಟು ಹೊಸ ಪಂಚೆಯಲ್ಲಿ ಕಟ್ಟಿಸಿಕೊಂಡು ಬಂದೆ. ಭಟ್ಟರು ನೀರು ಚಿಮುಕಿಸಿ, ಅರಿಶಿನ ಕುಂಕುಮ ಹಚ್ಚಿ, ಅಡುಗೆಮನೆಯ ಒಳಗೇ ಒಂದು ಹಲಗೆಯ ಮೇಲೆ ಜೋಡಿಸಿದರು. ಅಂದಿನಿಂದ ಬೀದಿಯಲ್ಲಿ ಚಪ್ಪಲಿ, ಬಾಗಿಲಲ್ಲಿ ಕಾಲು ತೊಳೆಯುವುದು, ಒಳಗೆ ಬೂಟು. ಭಾವ ನಕ್ಕಿದ್ದೇ ನಕ್ಕಿದ್ದು: ‘ಈ ಬೂಟಿಗಿರುವಷ್ಟು ಮಡಿ ನಿಮಗೂ ಇಲ್ಲ ಭಾವ!’

ಬೂಟು ಬಂದ ಮೇಲೆ ಆರು ವಾರ ಪುಸ್ತಕದಲ್ಲಿ ಕಾಲಿನ ಗಾಯ ಒಂದೂ ಇಲ್ಲ, ಅದೃಷ್ಟಕ್ಕೆ ಬೇರೆ ಗಾಯವೂ ಇಲ್ಲ. ನನ್ನ ಇಡೀ ಪ್ರಾಜೆಕ್ಟು ಆ ಖಾಲಿ ಪುಟದ ಮೇಲೆ ನಿಂತಿತ್ತು. ಪರೀಕ್ಷಕರ ಮುಂದೆ ನಾನು ತೆರೆದು ತೋರಿಸಬೇಕಾಗಿದ್ದೂ ಅದನ್ನೇ.

ಅವರು ಬಂದದ್ದು ಮಧ್ಯಾಹ್ನ ಮೂರಕ್ಕೆ. ಕಾರ್ಖಾನೆಗಳ ಇನ್‌ಸ್ಪೆಕ್ಟರಾಗಿ ನಿವೃತ್ತರಾದ ತಮಿಳರು, ಬೆಳ್ಳಗಿನ ಮೀಸೆ. ಅಡುಗೆಮನೆಯ ಬಾಗಿಲಲ್ಲಿ ಭಟ್ಟರು ಅವರ ಚರ್ಮದ ಬೂಟನ್ನು ಒಮ್ಮೆ ನೋಡಿದರು, ಅಷ್ಟೇ. ಪರೀಕ್ಷಕರಿಗೆ ಅರ್ಥವಾಯಿತು. ಬಾಗಿ ಲೇಸು ಬಿಚ್ಚಿದರು, ಕಾಲುಚೀಲ ಕಳಚಿದರು, ಕಾಲು ತೊಳೆದು ಬರಿಗಾಲಲ್ಲಿ ಒಳಗೆ ನಡೆದರು. ಎಂದಿನಂತೆ ನಾನೂ ಚಪ್ಪಲಿ ಬಿಟ್ಟು, ಕಾಲು ತೊಳೆದು ಹಿಂಬಾಲಿಸಿದೆ.

ನನ್ನ ಎರಡು ಹಾಳೆಯಲ್ಲಿ ಇದು ಇರಲಿಲ್ಲ. ಒದ್ದೆ ನೆಲ, ಅರವತ್ತು ದಾಟಿದ ಬರಿಗಾಲು! ಆಮೇಲೆ ನಾನು ಬೇರೇನೂ ನೋಡಲಿಲ್ಲ. ನಡೆಯಲು ಕಲಿಯುವ ಮಗುವಿನ ಹಿಂದೆ ಹೋಗುವ ಹಾಗೆ ಎರಡೂ ಕೈ ಚಾಚಿಕೊಂಡು, ಅವರ ಕಾಲನ್ನೇ ನೋಡುತ್ತಾ ನಡೆದೆ. ಮರಳು ಶುಚಿಯಾಗಿತ್ತಂತೆ, ಬೆಲ್ಟಿಗೆ ಹಾಕಿಸಿದ ಜಾಲರಿ ಭದ್ರವಾಗಿತ್ತಂತೆ, ಇಲಿ ಬರಲಿಲ್ಲವಂತೆ. ಭಾವ ಆಮೇಲೆ ಹೇಳಿದ್ದು. ಒಂದು ಮಾತು ಮಾತ್ರ ನನ್ನ ಕಿವಿಗೆ ಬಿತ್ತು. ‘ಬೂಟು ಯಾಕೆ ಹಾಕಿದ್ದೀರಿ?’ ಎಂದು ಪರೀಕ್ಷಕರು ತಮಿಳಿನಲ್ಲಿ ಕೇಳಿದರು. ‘ಇವರು ಹೇಳಿದರು, ಹಾಕಿದೆವು’ ಎಂದುಬಿಡುತ್ತಾರೆ ಎಂದು ನನ್ನ ಹೆದರಿಕೆ. ಭಟ್ಟರು, ‘ಕಾದ ಎಣ್ಣೆಗೆ ಮಡಿ ಮೈಲಿಗೆ ಗೊತ್ತಿಲ್ಲ ಸಾರ್’ ಎಂದರು.

ನನಗೆ ಕಣ್ಣು ತುಂಬಿ ಬಂತು. ಆ ತುಂಬಿದ ಕಣ್ಣಲ್ಲೇ ಮುಂದೆ ಹೆಜ್ಜೆ ಇಟ್ಟೆ. ರುಬ್ಬುವ ಕಲ್ಲಿನ ಅಂಚಿಗೆ ಬಲಗಾಲಿನ ಹೆಬ್ಬೆರಳು ಠಣ್ ಎಂದು ಬಡಿಯಿತು.

ಉಗುರು ಎದ್ದು ರಕ್ತ ಬಂತು. ಎಡಗಾಲನ್ನು ಅದರ ಮುಂದಿಟ್ಟು, ಮುಖದಲ್ಲಿ ನಗು ತಂದುಕೊಂಡು ನಿಂತೆ. ಪರೀಕ್ಷಕರು ಗಮನಿಸಲಿಲ್ಲ. ಭಟ್ಟರು ಗಮನಿಸಿದರು.

‘ಕಾಲು ತೋರಿಸಿ.’

‘ಏನಿಲ್ಲ ಭಟ್ರೇ, ಆಮೇಲೆ...’

‘ಆಮೇಲೆ ಅಲ್ಲ. ಆಗಲೇ ಬರೆಯಬೇಕು ಅಂದವರು ಯಾರು? ಮುಚ್ಚಿಡಬಾರದು ಅಂದವರು ಯಾರು?’ ಎನ್ನುತ್ತಾ ಅವರು ಅರಿಶಿನ ಒತ್ತಿ, ಬಟ್ಟೆ ಸುತ್ತಿ, ಗೋಡೆಯ ಪುಸ್ತಕ ಇಳಿಸಿ, ನಾನು ಆರು ವಾರ ಕಾಪಾಡಿದ್ದ ಖಾಲಿ ಪುಟದ ಮೇಲೆ ದುಂಡಗೆ ಬರೆಯತೊಡಗಿದರು.

ಪರೀಕ್ಷಕರು ಪುಸ್ತಕ ತೆಗೆದುಕೊಂಡು ತಿರುಗಿಸಿ ನೋಡಿದರು. ಕನ್ನಡ ಬರುವುದಿಲ್ಲ. ನನ್ನ ಕೈಗೆ ಕೊಟ್ಟು, ‘ಓದಿ ಹೇಳಿ’ ಎಂದರು.

ಏನು ಬೇಕಾದರೂ ಹೇಳಬಹುದಿತ್ತು. ನಾಳೆಯ ಚಟ್ನಿಗೆ ಎಷ್ಟು ತೆಂಗಿನಕಾಯಿ ಬೇಕೆಂದು ಬರೆದಿದ್ದಾರೆ ಎನ್ನಬಹುದಿತ್ತು. ಆದರೆ ಭಟ್ಟರಿಗೆ ತಮಿಳು ಬರುತ್ತದೆ, ಮತ್ತು ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಹಗಲು ಕೆಲಸಕ್ಕೂ ಬೆಳಗಿನ ಕಾಫಿಗೂ ಮನಸ್ಸಿನಲ್ಲೇ ಕೈ ಮುಗಿದು ಸಾಲು ಸಾಲಾಗಿ ತಮಿಳಿನಲ್ಲಿ ಓದಿದೆ: ‘ಗಾಯವಾದವರು, ಧಣಿಗಳ ಭಾವ. ಎಲ್ಲಿ, ಬಲಗಾಲಿನ ಹೆಬ್ಬೆರಳು. ಯಾಕೆ, ಎಲ್ಲರಿಗೂ ಬೂಟು ತಂದವರು ತಮಗೆ ತಂದುಕೊಳ್ಳಲಿಲ್ಲ. ಪರಿಹಾರ, ಏಳನೇ ಜೊತೆ ತರುವುದು.’

ಪರೀಕ್ಷಕರು ಸ್ವಲ್ಪ ಹೊತ್ತು ಮೀಸೆ ಒರೆಸಿಕೊಂಡರು. ಆಮೇಲೆ ಗೊತ್ತಾಯಿತು, ನಗು ಒರೆಸಿಕೊಳ್ಳುತ್ತಿದ್ದರು. ‘ಸರ್ವಿಸಿನಲ್ಲಿ ಇಷ್ಟು ವರ್ಷ ಇಂಥ ಪುಸ್ತಕ ನೋಡಿದ್ದೇನೆ. ನನ್ನ ಎದುರಿಗೇ ಬರೆದದ್ದು ಇದೊಂದೇ’ ಎಂದು, ಭಟ್ಟರ ಪೆನ್ನಿನಿಂದಲೇ ಕೆಳಗೆ ಸಹಿ ಹಾಕಿದರು.

ನಾಚಿಕೆ ಬಿಟ್ಟು ಕೇಳಿದೆ: ‘ಪಾಸಾ ಸಾರ್?’

‘ಪಾಸು. ಆದರೆ ಆ ಕೊನೆಯ ಸಾಲು ತಪ್ಪು, ತಿದ್ದಿಸಿ’ ಎಂದು ಅವರು ತಮ್ಮ ಒದ್ದೆ ಬರಿಗಾಲನ್ನು ನೋಡಿಕೊಂಡರು. ‘ಏಳು ಅಲ್ಲ, ಎಂಟು.’